ಮನೆಗೆ ಬಂದ ಮತಪೆಟ್ಟಿಗೆ

(ಇಬ್ಬರೂ ಚಾಮರಾಜನಗರ ಜಿಲ್ಲೆಯವರು. ಒಬ್ಬರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಇನ್ನೊಬ್ಬರು ಅವರ ಹಳೆಯ ವಿದ್ಯಾರ್ಥಿನಿ, ಈಗ ತಾವೇ ಶಿಕ್ಷಕಿ. ಮಾತು ನಡೆದದ್ದು ಮೇಷ್ಟ್ರ ಮನೆಯ ಜಗಲಿಯ ಮೇಲೆ.)

ಮೇಷ್ಟ್ರು: ಮನೆಯೊಳಗೆ ಕೂತು ಓಟು ಹಾಕೋದನ್ನ ನನ್ನ ಮನಸ್ಸು ಇನ್ನೂ ಪೂರ್ತಿ ಒಪ್ಪಿಲ್ಲ ಕಣಮ್ಮ. ಮತಗಟ್ಟೆ ಅಂದ್ರೆ ಊರೆಲ್ಲ ಒಂದೇ ಸಾಲಲ್ಲಿ ನಿಲ್ಲೋ ಜಾಗ. ಹೊಲದ ಯಜಮಾನನ ಹಿಂದೆ ಅವನ ಹೊಲದಲ್ಲಿ ಕೂಲಿ ಮಾಡೋಳು ನಿಂತಿರ್ತಾಳೆ. ಕೆಲವು ಸಲ ಅವಳ ಹಿಂದೆ ಅವನು. ವರ್ಷದಲ್ಲಿ ಬೇರೆ ಯಾವ ದಿನ ನಮ್ಮೂರಲ್ಲಿ ಹಾಗಾಗುತ್ತೆ, ಹೇಳು?

ಶಿಷ್ಯೆ: ನಿಲ್ಲೋ ಶಕ್ತಿ ಇರೋರಿಗೆ ಆ ಮಾತು ಸರಿ ಸರ್. ಇಲ್ಲದವರು ಏನು ಮಾಡ್ಬೇಕು? 2023ರ ವಿಧಾನಸಭಾ ಚುನಾವಣೆಯಲ್ಲಿ ನನ್ನನ್ನ ಮನೆ ಮನೆಗೆ ಹೋಗೋ ತಂಡಕ್ಕೆ ಹಾಕಿದ್ರು. ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಅದೇ ಮೊದಲು. ಎಂಬತ್ತು ದಾಟಿದವರು, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರೋರು ಬಯಸಿದ್ರೆ ಮನೆಯಲ್ಲೇ ಮತ ಹಾಕಬಹುದು ಅಂತ ಆಯ್ತು. ಮತದಾನ ಇದ್ದದ್ದು ಮೇ 10ಕ್ಕೆ. ನಾವು ಅದಕ್ಕೆ ಎಷ್ಟೋ ದಿನ ಮುಂಚೆಯೇ ಹೊರಟ್ವಿ. ಜೀಪಿನಲ್ಲಿ ಇಬ್ಬರು ಮತಗಟ್ಟೆ ಅಧಿಕಾರಿಗಳು, ಒಬ್ಬ ಪೊಲೀಸಿನವರು, ವಿಡಿಯೋ ತೆಗೆಯೋ ಹುಡುಗ, ಬೀಗಮುದ್ರೆ ಹಾಕಿದ ಪೆಟ್ಟಿಗೆ, ಮಡಚಿಟ್ಟ ರಟ್ಟಿನ ಮರೆ. ಬಿಸಿಲು ಅಂದ್ರೆ ಬಿಸಿಲು. ನಾವು ಹೋದ ಒಂದು ಮನೆಯ ಅಜ್ಜಿ ಸೊಂಟದ ಮೂಳೆ ಮುರಿದುಕೊಂಡು ಮಂಚ ಹಿಡಿದಿದ್ರು. ನಾವು ಬರೋ ಹೊತ್ತಿಗೆ ಅವರ ತಲೆ ಬಾಚಿ, ಹೂ ಮುಡಿಸಿ, ಒಗೆದ ಸೀರೆ ಉಡಿಸಿ, ದಿಂಬಿಗೆ ಒರಗಿಸಿ ಕೂರಿಸಿದ್ರು. ಮತಗಟ್ಟೆಗೆ ಹೋಗೋ ದಿನ ಹೇಗೆ ಹೊರಡ್ತಿದ್ದರೋ ಹಾಗೆ.

ಮೇಷ್ಟ್ರು: ಅಷ್ಟು ಮರ್ಯಾದೆ ಅದಕ್ಕಿದೆ. ಬೇರೆಯವರ ಮನೆ ಯಾಕೆ, ನಮ್ಮಕ್ಕನ ವಿಷಯವೇ ಹೇಳ್ತೀನಿ. 2024ರ ಲೋಕಸಭಾ ಚುನಾವಣೆಯಲ್ಲಿ ಅವಳು ಈ ನಡುಮನೆಯಲ್ಲೇ ಓಟು ಹಾಕಿದಳು. ಬಂದ ಅಧಿಕಾರಿ ನನ್ನನ್ನ ನೋಡಿ, ‘ಯಜಮಾನರೇ, ಸ್ವಲ್ಪ ಹೊರಗಿರಿ’ ಅಂದ್ರು. ನನ್ನ ಮನೆಯಿಂದ ನನ್ನನ್ನೇ ಹೊರಗೆ ಕಳಿಸಿದ್ರು. ಹೋಗಿ ಇದೇ ಜಗಲಿ ಮೇಲೆ ಕೂತೆ. ಅವರು ಮಾಡಿದ್ದು ಸರಿ, ನಾನು ಅಧಿಕಾರಿಯಾಗಿದ್ದರೂ ಹಾಗೇ ಹೇಳ್ತಿದ್ದೆ. ಆದರೆ ಕೂತಲ್ಲೇ ಒಂದು ಯೋಚನೆ ಬಂತು. ಎದ್ದು ಹೊರಗೆ ಹೋಗದ ಯಜಮಾನರು ಎಷ್ಟು ಮನೆಯಲ್ಲಿಲ್ಲ? ಮತಗಟ್ಟೆಯಲ್ಲಿ ಕಾನೂನು ಮನೆಯೊಡೆಯ. ಮನೆಯಲ್ಲಿ ಮಗನೇ ಮನೆಯೊಡೆಯ.

ಶಿಷ್ಯೆ: ಈ ಕೆಲಸದಲ್ಲಿ ನನಗೆ ಅತಿ ಕಷ್ಟ ಆದದ್ದೇ ಅದು ಸರ್. ಬಾಗಿಲಲ್ಲಿ ನಿಂತ ಮಗನಿಗೆ, ಸೊಸೆಗೆ ‘ಹೊರಗೆ ಹೋಗಿ’ ಅನ್ನೋದು. ಮತಗಟ್ಟೆಯಲ್ಲಿ ಆ ಮಾತು ಸಲೀಸಾಗಿ ಬರುತ್ತೆ. ಅವರ ಮನೆಯಲ್ಲಿ ಅವರು ಕೊಟ್ಟ ನೀರು ಕುಡಿದು, ಅವರ ಚಾಪೆ ಮೇಲೆ ಕೂತು ಹೇಳುವಾಗ ನಾಲಿಗೆ ತಡವರಿಸುತ್ತೆ. ‘ನಮ್ಮಪ್ಪನಿಗೆ ಕಣ್ಣು ಮಂಜು ಮೇಡಂ, ನಾನೇ ತೋರಿಸ್ತೀನಿ’ ಅಂತಾರೆ. ಕಣ್ಣು ಕಾಣದವರು, ಕೈ ಸ್ವಾಧೀನ ಇಲ್ಲದವರು 18 ತುಂಬಿದ ಒಬ್ಬರ ನೆರವು ತಗೋಬಹುದು, ಅದಕ್ಕೆ ನಿಯಮ ಇದೆ. ಯಾರ ನೆರವು ಅನ್ನೋದನ್ನ ಮಾತ್ರ ಮತದಾರರನ್ನೇ ಕೇಳಬೇಕು. ಒಂದು ಮನೆಯಲ್ಲಿ ಕೇಳಿದೆ. ದೃಷ್ಟಿ ಪೂರ್ತಿ ಹೋಗಿದ್ದ ತಾತ, ಪಕ್ಕದಲ್ಲಿ ಮಗ ನಿಂತಿದ್ದರೂ, ‘ನನ್ನ ಮೊಮ್ಮಗಳನ್ನ ಕರೀರಿ’ ಅಂದ್ರು. ಕಾಲೇಜಿಗೆ ಹೋಗೋ ಹುಡುಗಿ ಅದು. ಮಗನ ಮುಖ ಸಣ್ಣಗಾಯ್ತು. ಆದರೆ ತಾತನ ಧ್ವನಿಯಲ್ಲಿ ಒಂದು ಚೂರೂ ಅಳುಕಿರಲಿಲ್ಲ. ಕೇಳದೇ ಇದ್ದಿದ್ರೆ ಆ ಓಟು ಮಗನ ಓಟಾಗಿ ಹೋಗ್ತಿತ್ತು.

ಮೇಷ್ಟ್ರು: ನೀನು ಕೇಳಿದೆ. ಎಲ್ಲರೂ ಕೇಳ್ತಾರಾ?

ಶಿಷ್ಯೆ: ಕೇಳದವರೂ ಇದ್ದಾರು. ಅದಕ್ಕೆ ಅಭ್ಯರ್ಥಿಗಳಿಗೆ ತಂಡ ಹೋಗೋ ದಾರಿ ಮುಂಚೆಯೇ ತಿಳಿಸ್ತಾರೆ, ಅವರ ಏಜೆಂಟರು ಬೇಕಾದ್ರೆ ಬರಬಹುದು. ವಿಡಿಯೋ ಆಗುತ್ತೆ, ಗುರುತು ಹಾಕೋದನ್ನ ಬಿಟ್ಟು. ಅಷ್ಟಾದ ಮೇಲೂ ಉಳಿಯೋದು ಆ ಅಧಿಕಾರಿಯ ಧೈರ್ಯ ಒಂದೇ. ಸೊಂಟ ಮುರಿದ ಅಜ್ಜಿಯ ಕಥೆ ಇನ್ನೂ ಮುಗಿದಿಲ್ಲ ಸರ್. ಮಂಚದ ಮೇಲೆ ರಟ್ಟಿನ ಮರೆ ಇಟ್ಟು, ಮತಪತ್ರ, ಪೆನ್ನು ಕೊಟ್ವಿ. ಆಕೆ ಗುರುತು ಹಾಕಲಿಲ್ಲ. ಕಾದ್ವಿ. ಕೈ ನಡುಗ್ತಿರಬೇಕು ಅಂದ್ಕೊಂಡೆ. ಆಮೇಲೆ ನನ್ನನ್ನ ಹತ್ತಿರ ಕರೆದು ಮೆಲ್ಲಗೆ, ‘ಅವಳನ್ನ ಆ ಕಡೆ ಕಳಿಸವ್ವ’ ಅಂದ್ರು. ತಿರುಗಿ ನೋಡಿದ್ರೆ ಅಡುಗೆಮನೆ ಬಾಗಿಲ ಸಂದಿಯಲ್ಲಿ ಸೊಸೆ. ಆ ಸೊಸೆ ಒಳ್ಳೆಯವಳೇ, ಅತ್ತೆಗೆ ಹೂ ಮುಡಿಸಿದ್ದೂ ಅವಳೇ. ಆದರೂ ಅಜ್ಜಿಗೆ ಆ ಕ್ಷಣಕ್ಕೆ ಯಾರೂ ಬೇಡವಾಗಿತ್ತು. ಸೊಸೆ ಹಿತ್ತಿಲಿಗೆ ಹೋದಳು, ಅಜ್ಜಿ ಗುರುತು ಹಾಕಿದ್ರು. ತನ್ನ ಓಟು ತನ್ನದು ಅನ್ನೋದನ್ನ ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೇಷ್ಟ್ರು: ನಮ್ಮಕ್ಕನೂ ಇವತ್ತಿನವರೆಗೆ ಯಾರಿಗೆ ಹಾಕಿದೆ ಅಂತ ಹೇಳಿಲ್ಲ. ನಾನೂ ಕೇಳಿಲ್ಲ... ಇನ್ನೊಂದು ಮಾತು. 2023ರಲ್ಲಿ ಎಂಬತ್ತು ಅಂದ್ರಲ್ಲ, 2024ಕ್ಕೆ ಎಂಬತ್ತೈದು ಮಾಡಿದ್ರು. ಅದು ಯಾಕೆ?

ಶಿಷ್ಯೆ: 2024ರ ಮಾರ್ಚಿನಲ್ಲಿ ಚುನಾವಣಾ ನಿಯಮಕ್ಕೇ ತಿದ್ದುಪಡಿ ತಂದ್ರು. ಎಂಬತ್ತು ದಾಟಿದವರಲ್ಲಿ ಬಹುಪಾಲು ಜನ ಮತಗಟ್ಟೆಗೇ ಹೋಗಲು ಇಷ್ಟಪಡ್ತಾರೆ ಅನ್ನೋದು ಆಗ ಕೇಳಿಬಂದ ಕಾರಣ. ಅದು ನಿಜವೂ ಇರಬಹುದು. ಆದರೆ ಬಯಸಿದವರಿಗೆ ಮಾತ್ರ ಕೊಡೋ ಸೌಲಭ್ಯ ಇದು. ಹೆಚ್ಚು ಜನ ಬಯಸಲಿಲ್ಲ ಅಂತ ಬಯಸಿದವರಿಂದ ಕಿತ್ತುಕೊಳ್ಳೋದು ಯಾವ ನ್ಯಾಯ? 2023ರಲ್ಲಿ ನಮ್ಮ ತಂಡ ಹೋಗಿದ್ದ ಮನೆಯ ಒಬ್ಬರು ಮರುವರ್ಷ ಸಿಕ್ಕಾಗ, ‘ಹೋದ ವರ್ಷ ನೀವೇ ಬಂದಿದ್ರಿ, ಈ ವರ್ಷ ನನ್ನ ವಯಸ್ಸೇನು ಕಡಿಮೆ ಆಯ್ತಾ?’ ಅಂತ ಕೇಳಿದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮಂಡಿ ನೋವಿಗೆ ಅಂಗವೈಕಲ್ಯದ ಪ್ರಮಾಣಪತ್ರವೂ ಇರಲಿಲ್ಲ. ವಯಸ್ಸು ಎಂಬತ್ತೈದು ದಾಟಿಲ್ಲ, ವೈಕಲ್ಯಕ್ಕೆ ಕಾಗದ ಇಲ್ಲ. ಮಗನ ಬೈಕಿನ ಹಿಂದೆ ಕೂತು ಬೂತಿಗೆ ಹೋಗಿ ಬಂದ್ರಂತೆ.

ಮೇಷ್ಟ್ರು: ಎಂಬತ್ತಕ್ಕೇ ಮರಳಿ ತರಬೇಕು ಅನ್ನೋದು ನನ್ನ ಅಭಿಪ್ರಾಯ. ಮನೆ ಮತದಾನದ ಬಗ್ಗೆ ನನ್ನ ಅನುಮಾನ ಏನೇ ಇರಲಿ, ಕೊಟ್ಟದ್ದನ್ನ ಹಿಂದಕ್ಕೆ ತಗೋಬಾರದು. ಈಗ ನನ್ನ ಇನ್ನೊಂದು ತಕರಾರು ಕೇಳು. ಮತದಾನಕ್ಕೆ ಹತ್ತು ದಿನ ಇರುವಾಗಲೇ ಓಟು ಹಾಕಿಬಿಟ್ರೆ, ಉಳಿದ ಹತ್ತು ದಿನ ನಡೆಯೋ ಪ್ರಚಾರ ಯಾಕೆ? ಕೊನೆಯ ವಾರದಲ್ಲಿ ಅಭ್ಯರ್ಥಿಯ ಬಗ್ಗೆ ಏನೋ ಗೊತ್ತಾಗುತ್ತೆ ಅಂತಿಟ್ಕೋ. ಹಾಕಿದ ಓಟು ವಾಪಸ್ ಬರೋಲ್ಲ.

ಶಿಷ್ಯೆ: ಬರೋಲ್ಲ. ಅಷ್ಟೇ ಅಲ್ಲ, ಮನೆ ಮತದಾನಕ್ಕೆ ಕೊಡೋ 12ಡಿ ಅರ್ಜಿ ಒಪ್ಪಿಗೆ ಆದ ಕೂಡಲೇ ಮತದಾರರ ಪಟ್ಟಿಯಲ್ಲಿ ಹೆಸರಿನ ಮುಂದೆ ‘ಪಿಬಿ’, ಅಂದ್ರೆ ಪೋಸ್ಟಲ್ ಬ್ಯಾಲೆಟ್, ಅಂತ ಗುರುತು ಬೀಳುತ್ತೆ. ಆಮೇಲೆ ಮನಸ್ಸು ಬದಲಾಗಿ ಬೂತಿಗೆ ಹೋದರೂ ಹಾಕೋಕೆ ಬಿಡೋಲ್ಲ. ಇದನ್ನ ಅರ್ಜಿ ತುಂಬಿಸಿಕೊಳ್ಳುವಾಗಲೇ ಬಿಡಿಸಿ ಹೇಳಬೇಕು. ಆದರೆ ಸರ್, ಆ ವಯಸ್ಸಿನವರಿಗೆ ಹತ್ತು ದಿನ ಅಂದ್ರೆ ಏನು ಅನ್ನೋದನ್ನೂ ಯೋಚಿಸಿ. ಶ್ಯಾಮ್ ಸರಣ್ ನೇಗಿ ಅವರ ವಿಷಯ ನಿಮಗೆ ಗೊತ್ತೇ ಇದೆ.

ಮೇಷ್ಟ್ರು: ಹಿಮಾಚಲದ ಕಿನ್ನೌರಿನವರು. ಕಲ್ಪಾ ಅನ್ನೋ ಊರು. ನನ್ನ ಹಾಗೆ ಮೇಷ್ಟ್ರಾಗಿದ್ದವರು. ಸ್ವತಂತ್ರ ಭಾರತದ ಮೊದಲ ಮತದಾರ ಅಂತಲೇ ಅವರಿಗೆ ಹೆಸರು. ಆ ಮೊದಲ ಓಟು ಕೂಡ ಮುಂಗಡವೇ, ನೋಡು. ದೇಶದ ಬಹುಪಾಲು ಕಡೆ 1952ರ ಜನವರಿ, ಫೆಬ್ರವರಿಯಲ್ಲಿ ಮತದಾನ. ಕಿನ್ನೌರಿನಲ್ಲಿ ಹಿಮ ಬಿದ್ರೆ ದಾರಿ ಮುಚ್ಚುತ್ತೆ ಅಂತ 1951ರ ಅಕ್ಟೋಬರ್ 25ಕ್ಕೇ ಮಾಡಿದ್ರು.

ಶಿಷ್ಯೆ: ಆ ಮೇಷ್ಟ್ರು ಕೊನೆಯ ಓಟು ಹಾಕಿದ್ದು 2022ರ ನವೆಂಬರ್ 2ರಂದು, ಮನೆಯಲ್ಲೇ, ಅಂಚೆ ಮತಪತ್ರದಲ್ಲಿ. ಆಗ ಅವರಿಗೆ 105 ವರ್ಷ. ನವೆಂಬರ್ 5ಕ್ಕೆ ತೀರಿಕೊಂಡ್ರು. ಆ ರಾಜ್ಯದಲ್ಲಿ ಮತದಾನ ಇದ್ದದ್ದು ನವೆಂಬರ್ 12ಕ್ಕೆ. ಮನೆಯಲ್ಲೇ ಓಟು ಹಾಕೋ ನಿಯಮ ಬರದೇ ಇದ್ದಿದ್ರೆ, ಮೊದಲ ಚುನಾವಣೆಯಿಂದ ಓಟು ಹಾಕುತ್ತಾ ಬಂದ ಮನುಷ್ಯನಿಗೆ ಆ ಕೊನೆಯದು ಸಿಗ್ತಾನೇ ಇರಲಿಲ್ಲ. ಕೊನೆಯ ವಾರದ ಭಾಷಣ ಕೇಳೋದಕ್ಕಿಂತ ಅದು ದೊಡ್ಡದು ಅಂತ ನನಗನಿಸುತ್ತೆ.

ಮೇಷ್ಟ್ರು: ಒಪ್ಪಿದೆ. ಆ ತಕರಾರು ಬಿಟ್ಟೆ. ಗುಟ್ಟಿನದು ಮಾತ್ರ ಬಿಡೋಲ್ಲ.

ಶಿಷ್ಯೆ: ಅದನ್ನ ನಾನೂ ಬಿಡಿ ಅನ್ನೋಲ್ಲ. ನೀವು ಸರ್ವೀಸಿನಲ್ಲಿದ್ದಾಗ ಅಂಚೆ ಓಟು ಹಾಕ್ತಿದ್ರಲ್ಲ, ಆಗ ಹೇಗಿತ್ತು?

ಮೇಷ್ಟ್ರು: ಚುನಾವಣಾ ಡ್ಯೂಟಿ ಬಿದ್ದವನ ಪಾಡು ನಿನಗೂ ಗೊತ್ತು. ಹಿಂದಿನ ದಿನ ಬೆಳಿಗ್ಗೆಯೇ ಮಸ್ಟರಿಂಗ್ ಸೆಂಟರಿಗೆ ಹೋಗಿ, ಸಾಮಾನು ಎಣಿಸಿಕೊಂಡು, ಯಾವುದೋ ಬಸ್ಸು ಹತ್ತಿ, ಯಾವುದೋ ಊರಿನ ಶಾಲೆಯಲ್ಲಿ ರಾತ್ರಿ ಮಲಗಬೇಕು. ಊರಿನವರೆಲ್ಲ ಓಟು ಹಾಕೋ ಹಾಗೆ ನೋಡಿಕೊಳ್ಳೋನು ತನ್ನ ಊರಲ್ಲಿ ಓಟು ಹಾಕೋಕೆ ಆಗೋಲ್ಲ. ಅದಕ್ಕೆ ತರಬೇತಿಯ ದಿನವೇ ನಮೂನೆ 12 ತುಂಬಿ ಕೊಡ್ತಿದ್ವಿ. ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೀಬೇಕು. ಅದು ಗೊತ್ತಿಲ್ಲದೆ ಅರ್ಧ ಜನ ಅಲ್ಲೇ ಕೈಬಿಡ್ತಿದ್ರು. ಮತಪತ್ರ ಮನೆಗೆ ಅಂಚೆಯಲ್ಲಿ ಬರೋದು, ಒಂದು ದೊಡ್ಡ ಲಕೋಟೆ, ಒಂದು ಚಿಕ್ಕ ಲಕೋಟೆ, ಒಂದು ಘೋಷಣಾ ಪತ್ರ. ಘೋಷಣಾ ಪತ್ರಕ್ಕೆ ನಾವು ಸಹಿ ಮಾಡಿ, ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಮಾಡಿಸಬೇಕು. ನಾನು ಮುಖ್ಯೋಪಾಧ್ಯಾಯನಾದ ಮೇಲೆ ಆ ಅಧಿಕಾರ ನನಗೇ ಇತ್ತು. ಸುತ್ತಮುತ್ತಲ ಶಾಲೆಗಳ ಮೇಷ್ಟ್ರುಗಳು, ಮೇಡಂಗಳು ನನ್ನ ಕೋಣೆಗೆ ಬರೋರು.

ಶಿಷ್ಯೆ: ಅವರ ಓಟು ನಿಮ್ಮ ಕಣ್ಣಿಗೆ ಬೀಳ್ತಿತ್ತಾ?

ಮೇಷ್ಟ್ರು: ಕೆಲವರು ಗುರುತು ಹಾಕಿದ ಪತ್ರವನ್ನೇ ಬಿಚ್ಚಿ ಮೇಜಿನ ಮೇಲಿಡೋರು! ‘ಇದನ್ನ ಮಡಚಿ, ಚಿಕ್ಕ ಲಕೋಟೆಗೆ ಹಾಕಿ ಅಂಟಿಸಿ, ಆಮೇಲೆ ಬನ್ನಿ’ ಅಂತ ಹೊರಗೆ ಕಳಿಸ್ತಿದ್ದೆ. ನಾನು ನೋಡಬೇಕಾದದ್ದು ಅವರ ಗುರುತಿನ ಚೀಟಿ ಮತ್ತು ಸಹಿ, ಅಷ್ಟೇ. ಒಬ್ಬ ಮೇಡಂ ಒಂದು ಸಂಜೆ ತಡವಾಗಿ ಬಂದ್ರು. ಗಂಡ ಗೇಟಿನ ಹತ್ತಿರ ಸ್ಕೂಟರಿನಲ್ಲಿ ಕಾಯ್ತಿದ್ದ. ‘ಸರ್, ಇಲ್ಲೇ ಗುರುತು ಹಾಕಲಾ? ಮನೆಯಲ್ಲಿ ಆಗೋಲ್ಲ’ ಅಂದ್ರು. ಗೋಡೆ ಕಡೆ ಮುಖ ಮಾಡಿ ಇದ್ದ ಬೆಂಚು ತೋರಿಸಿ, ನಾನು ವರಾಂಡಕ್ಕೆ ಹೋಗಿ ನಿಂತೆ. ಮನೆಗೆ ಬಂದ ಮತಪತ್ರದ ಬಗ್ಗೆ ನನಗೆ ಅನುಮಾನ ಹುಟ್ಟಿದ್ದು ಯಾವ ಪುಸ್ತಕದಿಂದಲೂ ಅಲ್ಲ ಕಣಮ್ಮ, ಆ ಸಂಜೆಯಿಂದ.

ಶಿಷ್ಯೆ: ಈಗ ಅದಕ್ಕೊಂದು ದಾರಿಯಾಗಿದೆ ಸರ್. 2023ರ ಆಗಸ್ಟಿನಲ್ಲಿ ಮತ್ತೊಂದು ತಿದ್ದುಪಡಿ ಬಂತು. ಚುನಾವಣಾ ಕೆಲಸದವರು ಮತಪತ್ರವನ್ನ ಮನೆಗೆ ಒಯ್ದು ಅಂಚೆಗೆ ಹಾಕೋ ಹಾಗಿಲ್ಲ. ತರಬೇತಿ ನಡೆಯೋ ಕಡೆಯೇ ಸೌಲಭ್ಯ ಕೇಂದ್ರ ಇರುತ್ತೆ. ಅಲ್ಲೇ ಮರೆಯಲ್ಲಿ ನಿಂತು ಗುರುತು, ಅಲ್ಲೇ ದೃಢೀಕರಣ, ಅಲ್ಲೇ ಪೆಟ್ಟಿಗೆ. 2024ರಲ್ಲಿ ನಾನು ಹಾಕಿದ್ದೂ ಹಾಗೇ. ಜನ ಜಾಸ್ತಿ, ನೂಕುನುಗ್ಗಲು, ಊಟದ ಹೊತ್ತು ಮೀರಿಹೋಯ್ತು, ಆದರೂ ಮನಸ್ಸಿಗೆ ನಿರಾಳ. ದೃಢೀಕರಣ ಮಾಡೋ ಅಧಿಕಾರಿ ಎದುರಿಗೇ ಇದ್ರು. ನಾನು ಘೋಷಣಾ ಪತ್ರದಲ್ಲಿ ಮತಪತ್ರದ ಕ್ರಮ ಸಂಖ್ಯೆ ಬರೆದಿದ್ದೀನಾ ಅಂತ ಅವರೇ ಒಂದು ಸಲ ನೋಡಿದ್ರು.

ಮೇಷ್ಟ್ರು: ಆ ಸಂಖ್ಯೆಯಲ್ಲೇ ಇರೋದು ಎಲ್ಲ. ಎಣಿಕೆ ಮೇಜಿನಲ್ಲಿ ನಾನು ಕೂತಿದ್ದೀನಿ, ಆ ಕೆಲಸ ನೋಡಿದ್ದೀನಿ. ಬೆಳಿಗ್ಗೆ 8 ಗಂಟೆಗೆ ಮೊದಲು ಅಂಚೆ ಮತ. ಆ ಹೊತ್ತಿನ ಒಳಗೆ ತಲುಪದ್ದು ಲೆಕ್ಕಕ್ಕಿಲ್ಲ. ದೊಡ್ಡ ಲಕೋಟೆ ಬಿಚ್ಚಿ ಮೊದಲು ಘೋಷಣಾ ಪತ್ರ ನೋಡ್ತಾರೆ. ಅದೇ ಇಲ್ಲವೋ, ಸಹಿ ಇಲ್ಲವೋ, ದೃಢೀಕರಣ ಸರಿಯಿಲ್ಲವೋ, ಅದರಲ್ಲಿರೋ ಸಂಖ್ಯೆ ಚಿಕ್ಕ ಲಕೋಟೆಯ ಮೇಲಿನ ಸಂಖ್ಯೆಗೆ ತಾಳೆ ಆಗೋಲ್ಲವೋ, ಅಲ್ಲಿಗೆ ಮುಗೀತು. ಒಳಗಿನ ಲಕೋಟೆ ಬಿಚ್ಚೋದೇ ಇಲ್ಲ. ಯಾರಿಗೆ ಹಾಕಿದ್ರು ಅಂತ ಯಾರಿಗೂ ಗೊತ್ತಾಗದೇ ಹೋಗುತ್ತೆ. ಗುರುತು ಹೇಗಿರಬೇಕು ಅನ್ನೋದಕ್ಕೆ ನಿಯಮ ಬಹಳ ಉದಾರ. ಟಿಕ್ ಹಾಕಲಿ, ಅಡ್ಡಗೆರೆ ಎಳೆಯಲಿ, ಯಾರಿಗೆ ಅನ್ನೋದು ಸ್ಪಷ್ಟ ಇದ್ರೆ ಸಾಕು. ಲಕೋಟೆಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಮೇಷ್ಟ್ರುಗಳ ಓಟುಗಳೇ ಹಾಗೆ ಬಿದ್ದುಹೋಗೋದನ್ನ ಕಣ್ಣಾರೆ ಕಂಡು ಹೊಟ್ಟೆ ಉರೀತಿತ್ತು.

ಶಿಷ್ಯೆ: ನನಗೆ ಸೈನ್ಯದಲ್ಲಿರೋ ನಮ್ಮ ಬ್ಯಾಚಿನವನ ನೆನಪಾಗುತ್ತೆ. ನಿಮ್ಮ ಹತ್ತಿರ ಗಣಿತ ಕಲಿತವನು. ಲಡಾಖ್ ಕಡೆ ಇದ್ದಾಗಿನ ಮಾತು. ಹಿಂದೆ ಮತಪತ್ರ ಇಲ್ಲಿಂದ ಅಂಚೆಯಲ್ಲಿ ಹೋಗಿ, ಅಲ್ಲಿಂದ ಅಂಚೆಯಲ್ಲಿ ಬರಬೇಕಿತ್ತು. ‘ನನ್ನ ಕೈಗೆ ಮತಪತ್ರ ಸಿಗೋ ಹೊತ್ತಿಗೆ ಇಲ್ಲಿ ಗೆದ್ದವರಿಗೆ ಹಾರ ಹಾಕಿ ಆಗಿರ್ತಿತ್ತು’ ಅಂತಿದ್ದ. 2016ರಿಂದ ಸೈನಿಕರಿಗೆ ಮತಪತ್ರವನ್ನ ಎಲೆಕ್ಟ್ರಾನಿಕ್ ವ್ಯವಸ್ಥೆಯಲ್ಲಿ ಕಳಿಸ್ತಾರೆ. ಪಾಸ್‌ವರ್ಡ್ ಹಾಕಿ ತೆಗೆದು, ಅಲ್ಲೇ ಮುದ್ರಿಸಿಕೊಂಡು, ಗುರುತು ಹಾಕಿ, ಅಂಚೆಗೆ ಹಾಕ್ತಾರೆ. ಲಕೋಟೆ ಮೇಲೆ ಕ್ಯೂಆರ್ ಕೋಡ್ ಇರುತ್ತೆ, ಎಣಿಕೆ ದಿನ ಅದನ್ನ ಸ್ಕ್ಯಾನ್ ಮಾಡ್ತಾರೆ. ಹೋಗೋ ದಾರಿಯ ಕಾಯುವಿಕೆ ಕಳೆದು ಬರೋ ದಾರಿಯದ್ದು ಉಳೀತು. ಅವನಿಗೆ ಅದೇ ದೊಡ್ಡ ಸಮಾಧಾನ. ಆದರೂ ತನ್ನ ಲಕೋಟೆ ಮೈಸೂರು ಸೀಮೆಗೆ ಬಂದು ತಲುಪಿತೋ ಇಲ್ಲವೋ, ತಲುಪಿದ್ರೂ ಎಣಿಕೆಗೆ ಬಂತೋ ಇಲ್ಲವೋ ಅನ್ನೋದು ಅವನಿಗೆ ಗೊತ್ತಾಗೋಲ್ಲ.

ಮೇಷ್ಟ್ರು: ಒಂದು ಲಕೋಟೆಯಿಂದ ಏನಾಗುತ್ತೆ ಅನ್ನೋರಿದ್ದಾರೆ. ನಮ್ಮ ಜಿಲ್ಲೆಯವರು ಮಾತ್ರ ಹಾಗನ್ನಬಾರದು. 2004ರಲ್ಲಿ ನಮ್ಮ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು. ಸೋತವರ ಕಾರಿನ ಚಾಲಕನಿಗೇ ಆ ದಿನ ಕೆಲಸದ ನಡುವೆ ಓಟು ಹಾಕೋಕೆ ಬಿಡುವು ಸಿಗಲಿಲ್ಲ ಅನ್ನೋ ಮಾತು ಇಡೀ ರಾಜ್ಯದಲ್ಲಿ ಹಬ್ಬಿತ್ತು. ಕೆಲಸದ ಮೇಲಿರೋನಿಗೆ ಮುಂಚೆಯೇ ಓಟು ಹಾಕೋ ದಾರಿ ಯಾಕೆ ಬೇಕು ಅನ್ನೋದಕ್ಕೆ ಅದಕ್ಕಿಂತ ಬೇರೆ ಪಾಠ ಬೇಡ.

ಶಿಷ್ಯೆ: 2023ರಲ್ಲೂ ನೋಡಿ. ಶೃಂಗೇರಿಯಲ್ಲಿ ಅಂತರ 201, ಬೆಂಗಳೂರಿನ ಗಾಂಧಿನಗರದಲ್ಲಿ 105. ಜಯನಗರದಲ್ಲಂತೂ 16. ಮೇ 13ರ ಬೆಳಿಗ್ಗೆ ಶುರುವಾದ ಎಣಿಕೆ, ಫಲಿತಾಂಶ ಬರುವಾಗ ರಾತ್ರಿ ಬಹಳ ಹೊತ್ತಾಗಿತ್ತು. 57,797 ಒಬ್ಬರಿಗೆ, 57,781 ಇನ್ನೊಬ್ಬರಿಗೆ. ಅಲ್ಲಿ ಜಗಳ ಬಂದದ್ದೇ ತಿರಸ್ಕರಿಸಿದ ಅಂಚೆ ಮತಗಳ ಮೇಲೆ.

ಮೇಷ್ಟ್ರು: ಚುನಾವಣಾ ಆಯೋಗದ ಸೂಚನೆಯೇ ಇದೆ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆ ಇದ್ರೆ, ಫಲಿತಾಂಶ ಹೇಳೋ ಮುಂಚೆ ಆ ಮತಗಳನ್ನೆಲ್ಲ ಚುನಾವಣಾಧಿಕಾರಿ ಮತ್ತೆ ನೋಡಲೇಬೇಕು. ಒಳ್ಳೆಯ ಸೂಚನೆ. ಆದರೆ ನನ್ನ ಪ್ರಶ್ನೆ ಬೇರೆ. ಅಂತರ ಹತ್ತು ಸಾವಿರ ಇದ್ದಾಗ ಆ ತಿರಸ್ಕೃತ ಲಕೋಟೆಯವರು ಮತದಾರರಲ್ಲವಾ? ಯಾರೋ ಗೆಲ್ಲೋಕೆ ಬೇಕಾದಾಗ ಮಾತ್ರ ಅವರ ಸಹಿಯನ್ನ ಮತ್ತೆ ನೋಡೋದಾ?

ಶಿಷ್ಯೆ: ನಮ್ಮ ತಂಗಿ ಅಮೆರಿಕಕ್ಕೆ ಹೋಗಿ ಅಲ್ಲಿನ ಪೌರತ್ವ ತಗೊಂಡಿದ್ದಾಳಲ್ಲ ಸರ್, ಸಿಯಾಟಲ್‌ನಲ್ಲಿ. ಅವಳಿಂದ ಒಂದು ಸಂಗತಿ ಕೇಳಿ ಆಶ್ಚರ್ಯ ಆಯ್ತು. ವಾಷಿಂಗ್ಟನ್ ರಾಜ್ಯದಲ್ಲಿ ಎಲ್ಲರಿಗೂ ಅಂಚೆ ಓಟೇ. 2011ರಿಂದ ಇಡೀ ರಾಜ್ಯಕ್ಕೆ ಹಾಗೆ. ಚುನಾವಣೆಗೆ ಕಡೇ ಪಕ್ಷ 18 ದಿನ ಮುಂಚೆ ಮತಪತ್ರ ಹೊರಡುತ್ತೆ. ಜೊತೆಗೆ ಅಭ್ಯರ್ಥಿಗಳ ಬಗ್ಗೆ ಒಂದು ಪುಸ್ತಕವೂ ಮನೆಗೆ ಬರುತ್ತೆ. ಗುರುತು ಹಾಕಿ, ಲಕೋಟೆ ಮೇಲೆ ಸಹಿ ಮಾಡಿ, ಅಂಚೆಗೆ ಹಾಕಬೇಕು ಅಥವಾ ರಸ್ತೆ ಬದಿ ಇಟ್ಟಿರೋ ಮತಪೆಟ್ಟಿಗೆಗೆ ಹಾಕಬೇಕು. ದೃಢೀಕರಣ ಮಾಡೋ ಅಧಿಕಾರಿ ಬೇಕಿಲ್ಲ. ಕಚೇರಿಯಲ್ಲಿ ಮೊದಲೇ ಇರೋ ಸಹಿ ಜೊತೆ ತಾಳೆ ನೋಡ್ತಾರೆ.

ಮೇಷ್ಟ್ರು: ಸಹಿ ತಾಳೆ ಆಗದಿದ್ರೆ?

ಶಿಷ್ಯೆ: ಅದನ್ನೇ ಹೇಳೋಕೆ ಹೊರಟೆ. ಒಂದು ಸಲ ಅವಳದ್ದು ತಾಳೆ ಆಗಲಿಲ್ಲ. ಮೊದಲು ಮಾಡಿದ ಸಹಿ ಕನ್ನಡದ ಅಕ್ಷರದ ಹಾಗೆ ಗುಂಡಗಿತ್ತು, ಆಮೇಲೆ ಕೈ ಬದಲಾಗಿದೆ. ಕಚೇರಿಯಿಂದ ಕಾಗದ ಬಂತು: ‘ನಿಮ್ಮ ಸಹಿ ಹೊಂದುತ್ತಿಲ್ಲ, ಇಂಥ ದಿನದೊಳಗೆ ಸರಿಪಡಿಸಿ.’ ಹೊಸ ಸಹಿ ಮಾಡಿ ಕಳಿಸಿದಳು, ಓಟು ಎಣಿಕೆಗೆ ಸೇರ್ತು. ಸೇರ್ತು ಅನ್ನೋದನ್ನೂ ಅವಳು ಕಂಪ್ಯೂಟರಿನಲ್ಲಿ ನೋಡಿದಳು.

ಮೇಷ್ಟ್ರು: ಹಾಗಾದ್ರೆ ನಾನು ಎಣಿಕೆ ಮೇಜಿನಲ್ಲಿ ಕಂಡ ಆ ಲಕೋಟೆಗಳ ಒಡೆಯರಿಗೆ ಒಂದು ಕಾಗದ ಹೋಗಿದ್ರೆ ಸಾಕಿತ್ತು... ಆ ಊರಿನಲ್ಲಿ ಗುಟ್ಟಿನ ಗತಿ ಏನು?

ಶಿಷ್ಯೆ: ಅಲ್ಲಿ ಯಾವ ಅಧಿಕಾರಿಯೂ ‘ಹೊರಗೆ ಹೋಗಿ’ ಅನ್ನೋಕೆ ಬರೋಲ್ಲ. ಗಂಡ ಹೆಂಡತಿ ಊಟದ ಮೇಜಿನ ಮೇಲೆ ಮತಪತ್ರ ಹರಡಿಕೊಂಡು ಚರ್ಚೆ ಮಾಡ್ತಾ ತುಂಬೋ ಮನೆಗಳಿವೆಯಂತೆ. ನಮ್ಮ ತಂಗಿ ಮಾತ್ರ ಪುಸ್ತಕವನ್ನ ಗಂಡನ ಜೊತೆ ಕೂತು ಓದ್ತಾಳೆ, ಗುರುತು ಹಾಕೋದು ರೂಮಿನ ಬಾಗಿಲು ಹಾಕಿಕೊಂಡು. ಅವನೂ ಹಾಗೇ. ಇಬ್ಬರೂ ಕೇಳಿಕೊಳ್ಳೋಲ್ಲ. ಆದರೆ ಬಾಗಿಲು ಹಾಕಿಕೊಳ್ಳೋ ಸ್ವಾತಂತ್ರ್ಯ ಇಲ್ಲದ ಹೆಂಗಸಿನ ನೆರವಿಗೆ ಅಲ್ಲಿ ಮನೆಗೆ ಯಾರೂ ಬರೋಲ್ಲ. ಈ ವಿಷಯದಲ್ಲಿ ನಮ್ಮ ರಟ್ಟಿನ ಮರೆಯೇ ಮೇಲು.

ಮೇಷ್ಟ್ರು: ಹಾಗಾದ್ರೆ ನಮ್ಮ ಮರೆ ಇರಲಿ, ಅವರ ಕಾಗದ ಬರಲಿ. ನಿಮ್ಮ ಚಿಕ್ಕಪ್ಪನ ಮಗ ದುಬೈನಲ್ಲಿದ್ದಾನಲ್ಲ, ಅವನಿಗೇನು ದಾರಿ?

ಶಿಷ್ಯೆ: ಅವನ ಪಾಸ್‌ಪೋರ್ಟ್ ನಮ್ಮದೇ. 2011ರಿಂದ ಅಂಥವರು ಊರಿನ ಪಟ್ಟಿಯಲ್ಲಿ ಹೆಸರು ಸೇರಿಸಬಹುದು. ಅಂಚೆಯ ಓಟು ಮಾತ್ರ ಇಲ್ಲ. ವಿಮಾನ ಹತ್ತಿ ಬಂದು ಮತಗಟ್ಟೆಯಲ್ಲೇ ಹಾಕಬೇಕು. ಪ್ರತಿನಿಧಿಯ ಮೂಲಕ ಹಾಕೋಕೆ ಬಿಡೋ ಮಸೂದೆ ಒಂದಿತ್ತು, ಅದು 2019ರಲ್ಲಿ ಲೋಕಸಭೆ ಜೊತೆಗೇ ಬಿದ್ದುಹೋಯ್ತು. ಅವನ ಹೆಸರು ಪಟ್ಟಿಯಲ್ಲಿದೆ, ಅವನು ಬಂದಿಲ್ಲ. ಕೂಲಿ ಲೆಕ್ಕದಲ್ಲಿ ದುಡಿಯೋರು ಓಟಿಗೋಸ್ಕರ ಟಿಕೆಟ್ ಎಲ್ಲಿಂದ ತರ್ತಾರೆ ಸರ್?

ಮೇಷ್ಟ್ರು: ಅದು ದೊಡ್ಡ ವಿಷಯ, ಬೇರೆಯೇ ಮಾತಾಡಬೇಕು. ಪ್ರತಿನಿಧಿ ಅಂದ್ರೆ ನನಗೆ ಭಯವೇ. ನಮ್ಮ ಮನೆ ಹತ್ತಿರಕ್ಕೆ ಬರೋಣ. ನಾನು ಮೊದಲು ಹೇಳಿದ ಮಾತಿಗೇ ನಿಲ್ತೀನಿ: ನಡೆಯೋಕೆ ಆಗೋರು ಮತಗಟ್ಟೆಗೇ ಹೋಗಬೇಕು. ನನಗೆ ಎಂಬತ್ತೈದಾದರೂ ಕಾಲು ಬಿದ್ದುಹೋಗೋವರೆಗೆ ಹೋಗ್ತೀನಿ. ಆದರೆ ಹೋಗಲಾರದವರ ಮನೆಗೆ ಪೆಟ್ಟಿಗೆ ಬರೋದು ಅವರ ಹಕ್ಕು. ಸರ್ಕಾರ ಮಾಡೋ ಉಪಕಾರ ಅಂತ ಯಾರೂ ತಿಳೀಬಾರದು. ಹಕ್ಕು ಅಂದ ಮೇಲೆ ಅದನ್ನ ಅರೆಬರೆ ಕೊಡಬಾರದು. ಅಂಚೆ ಓಟು ಎಣಿಕೆಗೆ ಸೇರಿತೋ ಇಲ್ಲವೋ ಅಂತ ಪ್ರತಿಯೊಬ್ಬನಿಗೂ ಮೊಬೈಲಿಗೆ ಒಂದು ಸಂದೇಶ ಬರಲಿ. ಸಹಿ ತಪ್ಪಿದ್ರೆ ತಿದ್ದಿಕೊಳ್ಳೋಕೆ ಎಣಿಕೆಗೆ ಮುಂಚೆ ಒಂದು ಅವಕಾಶ ಇರಲಿ. ಮತದಾನಕ್ಕೂ ಎಣಿಕೆಗೂ ನಡುವೆ ಕೆಲವು ಸಲ ವಾರಗಟ್ಟಲೆ ಅಂತರ ಇರುತ್ತೆ. 2024ರಲ್ಲಿ ನಮ್ಮ ಕಡೆ ಏಪ್ರಿಲ್ 26ಕ್ಕೆ ಓಟು, ಜೂನ್ 4ಕ್ಕೆ ಎಣಿಕೆ. ಆ ಲಕೋಟೆಗಳು ಅಷ್ಟು ದಿನ ಬೀಗ ಹಾಕಿದ ಕೋಣೆಯಲ್ಲಿ ಸುಮ್ಮನೆ ಇದ್ವು.

ಶಿಷ್ಯೆ: ದೊಡ್ಡ ಲಕೋಟೆ ಮುಂಚೆಯೇ ಬಿಚ್ಚಿದ್ರೆ ಯಾರಾದ್ರೂ ಕೈಯಾಡಿಸ್ತಾರೆ ಅನ್ನೋ ಭಯ ಪಕ್ಷಗಳಿಗೆ ಇರುತ್ತೆ ಸರ್.

ಮೇಷ್ಟ್ರು: ಏಜೆಂಟರನ್ನ ಕರೆದು ಅವರೆದುರಿಗೇ ಘೋಷಣಾ ಪತ್ರವನ್ನಷ್ಟೇ ನೋಡಲಿ. ಚಿಕ್ಕ ಲಕೋಟೆ ಮುಟ್ಟೋದು ಬೇಡ. ಅಥವಾ ನಿನ್ನ ತಂಗಿ ಊರಿನ ಹಾಗೆ ಘೋಷಣೆಯನ್ನ ಲಕೋಟೆಯ ಹೊರಮೈ ಮೇಲೆಯೇ ಮುದ್ರಿಸಲಿ. ಬಿಚ್ಚೋದೇ ಬೇಡ, ಸಹಿ ಹೊರಗೇ ಕಾಣುತ್ತೆ. ಮನಸ್ಸಿದ್ರೆ ದಾರಿ ಇದೆ. ಸೈನಿಕ ಲಡಾಖಿನಿಂದ ಕಳಿಸಿದ ಲಕೋಟೆ ಒಂದು ಸಂಖ್ಯೆ ಬರೆಯೋದು ಮರೆತ ತಪ್ಪಿಗೆ ಬಿದ್ದುಹೋಗೋದಾದ್ರೆ, ಅದನ್ನ ಅವನಿಗೆ ಹೇಳೋ ಸೌಜನ್ಯವಾದರೂ ನಮಗೆ ಬೇಕು.

ಶಿಷ್ಯೆ: ಮನೆ ಮತದಾನದಲ್ಲಿ ಆ ತಪ್ಪು ಕಡಿಮೆ. ಸಹಿ, ಹೆಬ್ಬೆಟ್ಟು, ದೃಢೀಕರಣ ಎಲ್ಲವನ್ನೂ ನಾವೇ ಕೂತು ಮಾಡಿಸ್ತೀವಿ. ಅಲ್ಲಿ ಬೇಕಾದದ್ದು ಮನೆಯವರ ಸಹಕಾರ. ನೀವು ಏನಾದ್ರೂ ಬರೆಯೋ ಹಾಗಿದ್ರೆ ಅವರಿಗೇ ಬರೀರಿ ಸರ್. ತಂಡ ಬರೋ ದಿನ ಮೊದಲೇ ತಿಳಿಸ್ತಾರೆ. ಆ ದಿನ ಆಸ್ಪತ್ರೆಗೆ ಹೋಗಿದ್ರೂ ಇನ್ನೊಂದು ಸಲ ಬರ್ತಾರೆ. ಎರಡನೇ ಸಲವೂ ಸಿಗದಿದ್ರೆ ಆ ಚುನಾವಣೆಯ ಓಟು ಹೋಯ್ತು ಅಂತಲೇ. ಅಭ್ಯರ್ಥಿಗಳ ಹೆಸರನ್ನ ಹಿಂದಿನ ದಿನವೇ ಓದಿ ಹೇಳಿ, ಅದರಲ್ಲಿ ತಪ್ಪಿಲ್ಲ. ಚರ್ಚೆ ಮಾಡಿ, ವಾದ ಮಾಡಿ. ಮತಪತ್ರ ಕೈಗೆ ಬಂದ ಮೇಲೆ ಮಾತ್ರ ಎದ್ದು ಹೊರಗೆ ಹೋಗಿ. ಯಾರಿಗೆ ಹಾಕಿದೆ ಅಂತ ಆಮೇಲೂ ಕೇಳಬೇಡಿ.

ಮೇಷ್ಟ್ರು: ಬರೀತೀನಿ. ಮನೆ ಮತದಾನದ ಅರ್ಜಿಯ ವಿವರ ಬಿಡಿಸಿ ಹೇಳು, ತಪ್ಪಾಗಬಾರದು.

ಶಿಷ್ಯೆ: ನಮೂನೆ 12ಡಿ. ಬಿಎಲ್‌ಒ, ಅಂದ್ರೆ ಮತಗಟ್ಟೆ ಮಟ್ಟದ ಅಧಿಕಾರಿ, ಮನೆಗೆ ತಂದು ಕೊಡ್ತಾರೆ, ಅವರೇ ವಾಪಸ್ ಪಡೀತಾರೆ. ವಯಸ್ಸು 85 ದಾಟಿರಬೇಕು. ಅಂಗವಿಕಲರಾದ್ರೆ ಶೇಕಡಾ 40ರ ಪ್ರಮಾಣಪತ್ರದ ಪ್ರತಿ ಜೊತೆಗಿರಬೇಕು. ಚುನಾವಣೆಯ ಅಧಿಸೂಚನೆ ಹೊರಟ ದಿನದಿಂದ ಐದು ದಿನದೊಳಗೆ ಕೊಡಬೇಕು. ಆರನೇ ದಿನ ಕೊಟ್ರೆ ತಗೊಳ್ಳೋಲ್ಲ.